ಕ್ಯಾರೆಟ್ ಹಲ್ವ ಮತ್ತು ತುರಿಯುವ ಕೈ

ಚಳಿಗಾಲ ಬಂತೆಂದರೆ ಉತ್ತರ ಭಾರತದ ಮನೆಗಳಲ್ಲಿ ಗಜ್ಜರಿಯ ಹಲ್ವ ಬೇಯತೊಡಗುತ್ತದೆ. ನಮ್ಮ ಕರಾವಳಿಯಲ್ಲಾದರೋ ಚಳಿಗಾಲವೆಂಬುದು ಬಹುಮಟ್ಟಿಗೆ ಪಂಚಾಂಗದೊಳಗೇ ಉಂಟು. ಕಾಪುವಿನ ಕಡಲ ಬದಿಯಲ್ಲಿ ಧನುರ್ಮಾಸದ ಬೆಳಗಿನ ಜಾವ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡರೆ ಅದೇ ನಮ್ಮ ಹಿಮಾಲಯ. ಹತ್ತು ಗಂಟೆಗೆ ಬೆವರು! ಆದರೂ ಈ ಸಿಹಿ ನಮ್ಮಲ್ಲಿಗೂ ಬಂದು ನೆಲೆಸಿದೆ. ಮದುವೆಯ ಎಲೆಯಲ್ಲಿ ಬೂದುಗುಂಬಳದ ಕಾಶಿ ಹಲ್ವದ ಜಾಗವನ್ನು ಅದು ಹಿಡಿಯುವುದೂ ಉಂಟು.

ಅಲ್ಲಿನವರು ಬಳಸುವುದು ಚಳಿಗಾಲದಲ್ಲಿ ಮಾತ್ರ ಬರುವ ಕೆಂಪು ಗಜ್ಜರಿ. ಟೊಮೇಟೋ ಹಣ್ಣಿಗೆ ಬಣ್ಣ ಕೊಡುವ ಲೈಕೋಪಿನ್ ಎಂಬ ವಸ್ತುವೇ ಅದಕ್ಕೂ ಕೆಂಪು ಕೊಡುತ್ತದಂತೆ. ನಮಗೆ ಸಂತೆಯಲ್ಲಿ ಸಿಗುವುದು ಘಟ್ಟದ ಮೇಲಿನಿಂದ ಬರುವ ಕಿತ್ತಳೆ ಬಣ್ಣದ್ದು. ಅದರಿಂದಲೂ ಹಲ್ವ ಆಗುತ್ತದೆ. ನನ್ನ ತಕರಾರು ಬಣ್ಣದ ಮೇಲಲ್ಲ.

ತಕರಾರು ಇರುವುದು 'ಇದು ಮನೆಯಲ್ಲಿ ಬಹು ಸುಲಭವಾಗಿ ಮಾಡಬಹುದಾದ ತಿಂಡಿ' ಎಂಬ ಮಾತಿನ ಮೇಲೆ. ಯಾರಿಗೆ ಸುಲಭ? ಒಂದು ಕಿಲೋ ಕ್ಯಾರೆಟ್ಟಿನಲ್ಲಿ ಹತ್ತಿರ ಹತ್ತಿರ ಒಂಬತ್ತು ಪಾಲು ನೀರು. ಅದಕ್ಕೆ ಒಂದು ಲೀಟರು ಹಾಲು. ಅದರಲ್ಲಿಯೂ ಹೆಚ್ಚಿನದು ನೀರೇ. ಅಷ್ಟೂ ನೀರು ಸಣ್ಣ ಉರಿಯಲ್ಲಿ ಆವಿಯಾಗುವತನಕ, ತಳ ಹಿಡಿಯದಂತೆ ಒಬ್ಬರು ಸೌಟು ಹಿಡಿದು ನಿಲ್ಲಬೇಕು. ಸಕ್ಕರೆ ಹಾಕಿದೊಡನೆ ಪಾಕ ಮತ್ತೆ ನೀರಾಗುತ್ತದೆ; ಮತ್ತೆ ಮಗುಚಬೇಕು. ಇವೆಲ್ಲಕ್ಕೂ ಮೊದಲು ತುರಿಯಬೇಕಷ್ಟೆ.

ನನ್ನ ತಾಯಿ ಮಣಿಪಾಲದ ಒಂದು ಮನೆಯಲ್ಲಿ ಅಡಿಗೆಗೆ ಹೋಗುತ್ತಾರೆ. ಈ ಹಲ್ವವನ್ನು ಕಲಿತದ್ದೂ ಅಲ್ಲಿಯೇ. ನಾನು ಪಿ.ಯು.ಸಿ. ತೇರ್ಗಡೆಯಾದಾಗ, ಸಂಜೆಯ ಬಸ್ಸಿಗೆ ಬಂದವರು ಕೈಕಾಲು ತೊಳೆದು ತುರಿಯಲು ಕುಳಿತರು. ಎದ್ದು ಹೋದರೆ, "ನೀನು ಓದು ಮಾರಾಯ" ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಪರೀಕ್ಷೆ ಮುಗಿದಿದ್ದರೂ ನಾನು ಪುಸ್ತಕ ತೆರೆದು ಕುಳಿತೆ! ತುರಿಮಣೆಗೆ ಅವರ ಹೆಬ್ಬೆರಳು ತಾಗಿ ರಕ್ತ ಬಂದದ್ದು ನನಗೆ ಗೊತ್ತಾದದ್ದು ಮರುದಿನ, ಬಟ್ಟೆಯ ಪಟ್ಟಿ ಕಂಡಾಗ. ಹಲ್ವ ಬಹಳ ರುಚಿಯಾಗಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈ ವಿಷಯ ತೆಗೆದಾಗ ಕಾರ್ಕಳದ ಕಡೆಯ ಸಹಪಾಠಿಯೊಬ್ಬರು, ಅಡಿಗೆ ಹೆಂಗಸರ ಕೆಲಸವಲ್ಲವೆ ಎಂದರು. ಈ ಮಾತನ್ನು ಬೇರೆಲ್ಲಿ ಆಡಿದರೂ ಆಡಬಹುದು. ಉಡುಪಿಯಲ್ಲಿ ಆಡುವುದು ಹೇಗೆ? ನಮ್ಮೂರ ಹೆಸರನ್ನು ದೇಶದ ಫಲಕಗಳ ಮೇಲೆ ಬರೆಯಿಸಿದವರು ಸೌಟು ಹಿಡಿದ ಗಂಡಸರೇ. ಕಡಂದಲೆಯ ಕೃಷ್ಣರಾಯರು ಅಡಿಗೆಮನೆಯ ದುಡಿಮೆಯಿಂದಲೇ ಮೇಲೆ ಬಂದು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮದುವೆಗೆ ಕೊಪ್ಪರಿಗೆ ಏರಿಸುವವರೂ ಗಂಡಸರೇ. ಎಂದ ಮೇಲೆ ಗಂಡಸಿಗೆ ಅಡಿಗೆ ಬಾರದೆಂಬುದು ಸುಳ್ಳು. ಕೂಲಿಯಿದ್ದಲ್ಲಿ ಬರುತ್ತದೆ, ಮನೆಯಲ್ಲಿ ಮರೆತುಹೋಗುತ್ತದೆ. 'ತಾಯಿಯ ಕೈರುಚಿ' ಎಂದು ನಾವು ಹೊಗಳುವುದೂ ಬಹುಶಃ ಆ ಕೈಯನ್ನು ಅಲ್ಲಿಂದ ಬಿಡಿಸದಿರುವ ಉಪಾಯವೇ. ಅಧ್ಯಾಪಕರು ಕ್ಷಮಿಸಬೇಕು, ಇದು ಅವರಿಗೂ ಸೇರಿ ಹೇಳಿದ ಮಾತು.

ಕಳೆದ ದಶಂಬರದ ರಜೆಯಲ್ಲಿ ಒಂದು ಭಾನುವಾರ ತುರಿಮಣೆಯನ್ನು ನಾನೇ ಎತ್ತಿಕೊಂಡೆ. ಒಂದು ಕಿಲೋ ತುರಿಯುವಷ್ಟರಲ್ಲಿ ಭುಜ ಹಿಡಿದುಕೊಂಡಿತು. ಕೊನೆಯ ತುಂಡುಗಳನ್ನು ಬೆರಳಿಗೆ ಹೆದರಿ ಹಸಿಯಾಗಿಯೇ ತಿಂದೆ. ಹಾಲು ಒಮ್ಮೆ ತಳ ಹಿಡಿಯಿತು. ಎರಡು ಗಂಟೆಗೆ ಮಿಕ್ಕಿ ಹಿಡಿದು, ಒಂದು ಸಣ್ಣ ಪಾತ್ರೆಯಷ್ಟು ಆಯಿತು. ತಾಯಿ ಜಗಲಿಯಲ್ಲಿ ಕುಳಿತು ನಾಲ್ಕು ಸಲ ಎದ್ದು ಬಂದರು, ನಾಲ್ಕು ಸಲವೂ ಹಿಂದೆ ಕಳುಹಿಸಿದೆ.

ತಿಂದು, "ಸಕ್ಕರೆ ಒಂಚೂರು ಹೆಚ್ಚಾಯಿತು, ಏಲಕ್ಕಿ ಮರೆತಿದ್ದಿ" ಎಂದರು. ಎರಡನೆಯ ಸಲ ಬಡಿಸಿದಾಗ ಬೇಡವೆನ್ನಲಿಲ್ಲ.