ಮೊದಲು ತಟ್ಟೆ, ಬಳಿಕ ಡಬ್ಬಿ



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಮನುಷ್ಯನು ತನ್ನ ಊಟವನ್ನು ತಾನೇ ಆರಿಸಿಕೊಳ್ಳಬಲ್ಲನು. ಅವನು ಸಾಕಿದ ನಾಯಿಗೂ ಬೆಕ್ಕಿಗೂ ಆ ಸ್ವಾತಂತ್ರ್ಯವಿಲ್ಲ. ನಾವು ಇಟ್ಟುದನ್ನು ಅವು ತಿನ್ನುತ್ತವೆ. ನಮ್ಮ ಅಜ್ಞಾನದ ಫಲವನ್ನೂ ಅವೇ ಉಣ್ಣುತ್ತವೆ. ಆದುದರಿಂದ ಅವುಗಳ ಊಟವನ್ನು ಬಲ್ಲವರಾಗುವ ಹೊಣೆ ನಮ್ಮದು.

ಮುಂಬಯಿಯ ಅಂಗಡಿಗಳಲ್ಲಿ ಈಗ ಸಾಕುಪ್ರಾಣಿಗಳ ಕರುಳಿನ ಆರೋಗ್ಯಕ್ಕೆಂದು ಪುಡಿ, ಮಾತ್ರೆಗಳ ಡಬ್ಬಿಗಳು ಸಾಲುಗಟ್ಟಿ ನಿಂತಿವೆ. ಕೈಖರ್ಚಿನ ಹಣವನ್ನು ಕೂಡಿಟ್ಟು ಇವನ್ನು ಕೊಳ್ಳುವ ಮಕ್ಕಳು ನಿಮ್ಮಲ್ಲಿಯೇ ಇದ್ದಾರೆ. ಅವರ ಕರುಣೆ ಮೆಚ್ಚತಕ್ಕದ್ದು. ಆದರೆ ಕರುಣೆಗೆ ವಿವೇಕದ ಜೊತೆ ಬೇಕು. ಡಬ್ಬಿಯು ತಟ್ಟೆಯ ಸ್ಥಾನವನ್ನಾಗಲಿ ವೈದ್ಯರ ಸ್ಥಾನವನ್ನಾಗಲಿ ಆಕ್ರಮಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕರುಳೆಂಬುದು ಬರಿಯ ಕೊಳವೆಯಲ್ಲ. ಅಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ನೆಲೆಸಿವೆ. ಅವು ಆಹಾರದ ನಾರನ್ನು ಹುದುಗಿಸಿ ಕರುಳಿನ ಒಳಪದರಕ್ಕೆ ಪೋಷಣೆಯನ್ನೊದಗಿಸುತ್ತವೆ; ರೋಗಾಣುಗಳು ಸುಲಭವಾಗಿ ಬೇರೂರದಂತೆ ತಡೆಯುತ್ತವೆ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದು, 1908ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದ ಮೆಚ್ನಿಕಾಫರು, ಹುಳಿ ಹಾಲಿನಲ್ಲಿರುವ ಸೂಕ್ಷ್ಮಜೀವಿಗಳು ದೇಹಕ್ಕೆ ಹಿತಕರವೆಂದು ಪ್ರತಿಪಾದಿಸಿದ್ದರು. ಆ ವಿಚಾರದ ಸಂತಾನವೇ ಇಂದಿನ ಡಬ್ಬಿಗಳು. ಜೀವಂತ ಸೂಕ್ಷ್ಮಜೀವಿಗಳನ್ನು ಕೊಡುವುದು ಪ್ರೋಬಯಾಟಿಕ್. ಅವುಗಳಿಗೆ ಆಹಾರವಾಗುವ ನಾರು ಮುಂತಾದುದನ್ನು ಕೊಡುವುದು ಪ್ರಿಬಯಾಟಿಕ್.

ಇವು ನಿರರ್ಥಕವೆಂದು ನಾನು ಹೇಳುವುದಿಲ್ಲ. ನಾಯಿಗಳ ಭೇದಿಯಲ್ಲಿ ಇಂಥ ಪೂರಕಗಳಿಂದ ಕಾಯಿಲೆಯ ಅವಧಿ ತುಸು ಕಡಿಮೆಯಾದುದು ಕೆಲವು ಪರೀಕ್ಷೆಗಳಲ್ಲಿ ಕಂಡಿದೆ. ಬೇರೆ ಕೆಲವುಗಳಲ್ಲಿ ವಿಶೇಷ ಪ್ರಯೋಜನ ಕಂಡಿಲ್ಲ. ಸೌಮ್ಯವಾದ ಭೇದಿಯು ಅನೇಕ ವೇಳೆ ಕೆಲವೇ ದಿನಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ, ಗುಣವಾದ ಕೀರ್ತಿ ಅನಾಯಾಸವಾಗಿ ಪುಡಿಗೆ ಸಲ್ಲುತ್ತದೆ! ಡಬ್ಬಿಯ ಮೇಲಿನ ಬರಹವೆಲ್ಲ ಸತ್ಯವೆಂದೂ ತಿಳಿಯಬೇಡಿರಿ. ಪ್ರಾಣಿಗಳಿಗಾಗಿ ಮಾರುವ 25 ಪ್ರೋಬಯಾಟಿಕ್‌ಗಳನ್ನು ಪರೀಕ್ಷಿಸಿದ ಕೆನಡಾದ ವಿಜ್ಞಾನಿಗಳು 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬರಹವೂ ಸರಿಯಾಗಿದ್ದು, ಹೇಳಿದಷ್ಟು ಜೀವಾಣುಗಳೂ ಇದ್ದವು 2 ಮಾತ್ರ.

ಪೂರಕವೆಂದರೆ ಕೊರತೆಯನ್ನು ತುಂಬುವಂಥದು. ಕೊರತೆ ಯಾವುದೆಂದು ತಿಳಿದಾಗ ಅದರ ಮಹಿಮೆ ದೊಡ್ಡದು. ಬೆಕ್ಕಿಗೆ ಟಾರಿನ್ ಎಂಬ ವಸ್ತು ಅತ್ಯವಶ್ಯ. ಅದು ಮಾಂಸದಲ್ಲಿಯೂ ಮೀನಿನಲ್ಲಿಯೂ ಇದೆ, ಸಸ್ಯಾಹಾರದಲ್ಲಿ ಬಹುಮಟ್ಟಿಗೆ ಇಲ್ಲ. ಇದರ ಅಭಾವದಿಂದ ಬೆಕ್ಕುಗಳ ಹೃದಯವು ದುರ್ಬಲವಾಗುವುದನ್ನೂ, ಇದನ್ನು ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ ಅಮೆರಿಕದ ವಿಜ್ಞಾನಿಗಳು 1987ರಲ್ಲಿ ತೋರಿಸಿಕೊಟ್ಟರು. ಆದರೆ ಯಾವ ಕೊರತೆಯೆಂದು ಅರಿಯದೆ ಪುಡಿ ಉದುರಿಸುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ.

ಇನ್ನು ತಟ್ಟೆಯ ಕಡೆಗೆ ನೋಡೋಣ. ನಾಯಿಯು ಸಾವಿರಾರು ವರ್ಷ ಮಾನವನ ಜೊತೆಗಿದ್ದು ಅನ್ನ, ರೊಟ್ಟಿಗಳನ್ನು ಜೀರ್ಣಿಸಿಕೊಳ್ಳಬಲ್ಲುದಾಗಿದೆ. ಬೆಕ್ಕಾದರೋ ಇಂದಿಗೂ ಅಪ್ಪಟ ಮಾಂಸಾಹಾರಿ. ಕೇವಲ ಹಾಲು ಅನ್ನದಿಂದ ಅದನ್ನು ಸಾಕಲಾಗದು. ಬೆಳೆದ ಬೆಕ್ಕು, ನಾಯಿಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದು. ಹಾಲು ಕುಡಿಸಿ ಭೇದಿ ತರಿಸಿ, ಭೇದಿಗೆ ಪುಡಿ ತರುವುದು ಎಂಥ ಜಾಣತನ? ಸಿಹಿ ಬಿಸ್ಕತ್ತು ಊಟವಲ್ಲ. ಈರುಳ್ಳಿ, ಬೆಳ್ಳುಳ್ಳಿಗಳು ಎರಡಕ್ಕೂ ವಿಷ. ಚಾಕೊಲೇಟು, ದ್ರಾಕ್ಷಿಗಳೂ ನಾಯಿಗೆ ಅಪಾಯಕರ. ಆಹಾರವನ್ನು ಬದಲಿಸುವುದಾದರೆ ಒಂದು ವಾರ, ಹತ್ತು ದಿನಗಳ ಕಾಲ ಹಳೆಯದರೊಡನೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿರಿ. ಶುದ್ಧವಾದ ನೀರು ಸದಾ ಇರಲಿ. ಜಂತುಹುಳುವಿನ ಔಷಧವನ್ನು ಕಾಲಕಾಲಕ್ಕೆ ವೈದ್ಯರನ್ನು ಕೇಳಿ ಕೊಡಿಸಿರಿ.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಲಸಿಕೆಯಿಲ್ಲದ ಮರಿ ಆಹಾರ ಬಿಟ್ಟು, ವಾಂತಿ ಮಾಡಿ, ರಕ್ತಭೇದಿಗೆ ತುತ್ತಾದರೆ ಅದು ಪಾರ್ವೊ ರೋಗವಿರಬಹುದು. ಆ ಮರಿಗೆ ಬೇಕಾದುದು ಪೂರಕವಲ್ಲ. ರಕ್ತನಾಳದ ಮೂಲಕ ದ್ರವ ಮತ್ತು ತುರ್ತು ಚಿಕಿತ್ಸೆ. ಪುಡಿಯನ್ನು ನೆಚ್ಚಿ ಕಳೆದ ಒಂದು ದಿನ ಒಂದು ಪ್ರಾಣದ ಬೆಲೆಯಾದೀತು. ಬೆಕ್ಕು ಎರಡು ದಿನ ಉಪವಾಸವಿದ್ದರೆ ಯಕೃತ್ತಿಗೇ ಅಪಾಯ ಒದಗಬಹುದು. ಮನೆಯ ಪ್ಯಾರಾಸಿಟಮಾಲ್ ಮಾತ್ರೆಯಂತೂ ಬೆಕ್ಕಿನ ಪಾಲಿಗೆ ಮೃತ್ಯು. ನಮ್ಮ ನಗರದ ಪರೇಲಿನಲ್ಲಿ ಪಶುವೈದ್ಯ ಕಾಲೇಜು 1886ರಲ್ಲಿಯೇ ಪ್ರಾರಂಭವಾಯಿತು. ಇಂಥ ನಗರದಲ್ಲಿದ್ದೂ ಅಂಗಡಿಯವನನ್ನೇ ವೈದ್ಯನೆಂದು ನಂಬುವುದು ನಮಗೆ ಶೋಭಿಸದು.

ವಿದ್ಯಾರ್ಥಿಮಿತ್ರರೇ, ಮಾತು ಬಾರದ ಜೀವಿಯು ತನ್ನ ಹೊಟ್ಟೆನೋವನ್ನು ಹೇಳಲಾರದು. ಅದರ ಊಟವನ್ನೂ ಮಲವನ್ನೂ ದಿನವೂ ಗಮನಿಸುವ ಕಣ್ಣು ನಿಮಗಿರಲಿ. ವ್ಯತ್ಯಾಸ ಕಂಡಾಗ ತಡಮಾಡದೆ ಹಿರಿಯರಿಗೆ ತಿಳಿಸಿರಿ. ವೈದ್ಯರು ಹೇಳಿದರೆ ಪುಡಿಯನ್ನೂ ಅಗತ್ಯವಾಗಿ ಕೊಡಿರಿ. ಆದರೆ ಕೂಡಿಟ್ಟ ಹಣದ ಮೊದಲ ಪಾಲು ಲಸಿಕೆಗೂ ಒಳ್ಳೆಯ ಊಟಕ್ಕೂ ಸಲ್ಲಲಿ.