ಸೈನಿಕರ ಸೇವೆಗೆ ಬೇಕಾದ ಶಿಕ್ಷಣ

ಡಿಸೆಂಬರ್ 7ರ ಸಶಸ್ತ್ರಪಡೆಗಳ ಧ್ವಜದಿನವನ್ನು ನಾವು 1949ರಿಂದ ಆಚರಿಸುತ್ತ ಬಂದಿದ್ದೇವೆ. ಅಂದು ಭಾಷಣ ಮಾಡಲು ಮಾಜಿ ಸೈನಿಕರ ಸಂಘಗಳಲ್ಲಿ ಮುಂದಾಳುಗಳಿಗೆ ಕೊರತೆಯಿಲ್ಲ. ಅರ್ಜಿ ಬರೆದುಕೊಡಬಲ್ಲವರು ಮಾತ್ರ ವಿರಳ.

ಬೀದರ್ ಜಿಲ್ಲೆಯ ನಿರ್ಣಾದಂಥ ಊರಿನಲ್ಲಿ ಮನೆಮಾತು ಕನ್ನಡವಾದರೆ ಸಂತೆಯಲ್ಲಿ ಕಿವಿಗೆ ಬೀಳುವುದು ಮರಾಠಿ, ಉರ್ದು. ಸೈನ್ಯದ ದಾಖಲೆಯೋ ಇಂಗ್ಲಿಷಿನದು. ಇಷ್ಟು ನುಡಿಗಳನ್ನು ದಾಟಿಬಂದ ಹೆಂಡತಿಯ ಹೆಸರು ಡಿಸ್ಚಾರ್ಜ್ ಪುಸ್ತಕದಲ್ಲೊಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ವಿಧವೆಯ ಪಿಂಚಣಿ ನಿಂತೀತು.

ಸ್ವಯಂಸೇವಕ ಮುಂದಾಳಿನ ತರಬೇತಿ ಇಲ್ಲಿಂದಲೇ ತೊಡಗಬೇಕೆಂಬುದು ನನ್ನ ಅಭಿಪ್ರಾಯ. ದಾಖಲೆಗಳನ್ನು ಅಕ್ಷರಕ್ಕಕ್ಷರ ಹೋಲಿಸುವುದು, ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರದ ಗಡುವನ್ನು ನೆನಪಿಡುವುದು, ಎಲ್ಲಕ್ಕಿಂತ ಕಠಿನವಾಗಿ, ಮುದುಕಿಯೊಬ್ಬಳ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವುದು. (ಮೇಷ್ಟರಾದ ನಮಗೂ ಈ ವಿದ್ಯೆ ಒಲಿದಿಲ್ಲ.) ಹೆಬ್ಬೆಟ್ಟು ಒತ್ತಿಸುವ ಮುನ್ನ ಅರ್ಜಿಯಲ್ಲಿ ಏನಿದೆಯೆಂದು ಆಕೆಗೆ ಕನ್ನಡದಲ್ಲಿ ಓದಿ ಹೇಳಬಲ್ಲವನಾದ ಮೇಲೆ ಅವನನ್ನು ವೇದಿಕೆಗೆ ಕರೆಯೋಣ.