ಬೇಕು, ಬಹುದು, ಬಾರದು

ಮಕ್ಕಳೇ, ಇಂಗ್ಲಿಷಿನಲ್ಲಿ ಒಂಬತ್ತು ಪುಟ್ಟ ಪದಗಳಿವೆ: ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ನಿಮ್ಮ ಗ್ರಾಮರ್ ಪುಸ್ತಕದಲ್ಲಿ ಇವುಗಳ ಹೆಸರು ಮೋಡಲ್ ವರ್ಬ್. ಗೋ, ಕಮ್, ಟೇಕ್, ಗಿವ್ ಎಂಬ ದಿನಬಳಕೆಯ ಕ್ರಿಯಾಪದಗಳ ಮುಂದೆ ಇವು ಬಂದು ನಿಂತರೆ ಸಾಕು, ಮಾತಿನ ಅರ್ಥವೇ ಬೇರೆಯಾಗುತ್ತದೆ. ‘ಹೋಗು’ ಎಂಬ ಕೆಲಸ ಒಂದೇ. ಹೋಗಲೇಬೇಕೋ, ಹೋದರೆ ಒಳ್ಳೆಯದೋ, ಹೋಗಲು ಅಪ್ಪಣೆ ಇದೆಯೋ, ಹೋಗುವ ಶಕ್ತಿ ಇದೆಯೋ ಎಂದು ಹೇಳುವುದು ಈ ಪುಟ್ಟ ಪದ.

ಅಜ್ಜಿ ತಾತಂದಿರೂ ಜೊತೆಗೆ ಕೂತು ಓದಬೇಕು. ಈ ವಾರದ ಪಾಠದಲ್ಲಿ ಅರ್ಧ ಅವರಿಗೆ ಆಗಲೇ ಗೊತ್ತಿರುವುದು.

ನಮ್ಮ ನಗರ್ತಪೇಟೆಯನ್ನೇ ನೋಡಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಹಳೇ ಪೇಟೆಯ ಓಣಿಗಳಲ್ಲಿ ಇದೂ ಒಂದು. ಬಟ್ಟೆ ಅಂಗಡಿಗಳ ಈ ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಕನ್ನಡ, ತೆಲುಗು, ತಮಿಳು, ಉರ್ದು, ಮಾರ್ವಾಡಿ ಎಲ್ಲವೂ ಕಿವಿಗೆ ಬೀಳುತ್ತವೆ. 1809ರಲ್ಲಿ ಬ್ರಿಟಿಷರ ದಂಡು ಪೇಟೆಯ ಆಚೆಗೆ ಬಂದು ನೆಲೆಯೂರಿದ ಮೇಲೆ ಇಂಗ್ಲಿಷೂ ನೆರೆಯ ಭಾಷೆಯಾಯಿತು. ಈಗಂತೂ ಅದು ಮನೆಯೊಳಗೇ ಇದೆ. ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಕನ್ನಡ ಸಲೀಸು, ಮೊಮ್ಮಗಳಿಗೆ ಇಂಗ್ಲಿಷ್ ಸಲೀಸು. ಆಸ್ಪತ್ರೆಗೆ, ಬ್ಯಾಂಕಿಗೆ ಇಬ್ಬರೂ ಒಟ್ಟಿಗೆ ಹೋದಾಗ ದುಭಾಷಿಯ ಕೆಲಸ ಮೊಮ್ಮಗಳದೇ. ಆ ಕೆಲಸಕ್ಕೆ ಈ ಒಂಬತ್ತು ಪದಗಳು ಚೆನ್ನಾಗಿ ಗೊತ್ತಿರಬೇಕು.

ಮೊದಲು ಒಂದು ಸುಲಭದ ನಿಯಮ. ‘ಶಿ ಗೋಸ್’ ಎನ್ನುತ್ತೀರಿ. ಆದರೆ ಮಸ್ಟ್ ಬಂದರೆ ‘ಶಿ ಮಸ್ಟ್ ಗೋ’ ಎಂದಷ್ಟೇ ಹೇಳಬೇಕು. ‘ಮಸ್ಟ್ ಗೋಸ್’ ತಪ್ಪು, ‘ಮಸ್ಟ್ ಟು ಗೋ’ ಕೂಡ ತಪ್ಪು. ಇದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕನ್ನಡದಲ್ಲೂ ಹಾಗೇ ಇದೆ. ನಾನು ಹೋಗುತ್ತೇನೆ, ನೀನು ಹೋಗುತ್ತೀಯೆ, ಅವಳು ಹೋಗುತ್ತಾಳೆ ಎಂದು ಒಬ್ಬೊಬ್ಬರಿಗೂ ಕ್ರಿಯಾಪದದ ಬಾಲ ಬದಲಾಗುತ್ತದೆ. ‘ಬೇಕು’ ಸೇರಿದ ಮೇಲೆ? ನಾನು ಹೋಗಬೇಕು, ನೀನು ಹೋಗಬೇಕು, ಅವಳು ಹೋಗಬೇಕು. ಬಹುದು, ಬಾರದು ಕೂಡ ಹೀಗೆಯೇ. ಇಂಗ್ಲಿಷಿನಲ್ಲಿ ಮಸ್ಟ್ ಮುಂದೆ ಬರುತ್ತದೆ, ಕನ್ನಡದಲ್ಲಿ ಬೇಕು ಹಿಂದೆ ಬಂದು ಅಂಟಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತು: ‘ಐ ಕ್ಯಾನ್ ಏಬಲ್ ಟು ಡೂ’ ಎಂದು ಹಲವರು ಹೇಳುತ್ತಾರೆ. ಕ್ಯಾನ್ ಎಂದರೂ ಏಬಲ್ ಎಂದರೂ ಶಕ್ತಿಯೇ. ‘ಐ ಕ್ಯಾನ್ ಡೂ’ ಎಂದರೆ ಸಾಕು.

ಎರಡೂ ಭಾಷೆಗಳ ಈ ಪದಗಳು ಹುಟ್ಟಿದ ಬಗೆಯಲ್ಲೂ ಹೋಲಿಕೆ ಇದೆ. ಹಳೆಯ ಇಂಗ್ಲಿಷಿನಲ್ಲಿ ಕ್ಯಾನ್ ಎಂದರೆ ‘ತಿಳಿದಿದೆ’ ಎಂದು ಅರ್ಥವಿತ್ತು. ನಮ್ಮಲ್ಲಿ ‘ನಾನು ಬಲ್ಲೆ’ ಎಂದರೆ ನನಗೆ ಗೊತ್ತು, ‘ನಾನು ಮಾಡಬಲ್ಲೆ’ ಎಂದರೆ ನನಗೆ ಮಾಡುವ ಶಕ್ತಿ ಇದೆ. ಗೊತ್ತಿದ್ದವನಿಗೆ ಕೆಲಸ ಆಗುತ್ತದೆ ಎಂದು ಎರಡೂ ಕಡೆಯ ಹಿರಿಯರು ಯೋಚಿಸಿದ್ದಾರೆ. ವಿಲ್ ಎಂದರೆ ಮೊದಲು ‘ಬಯಸು’ ಎಂದಿತ್ತು. ಅಂಗಡಿ ಬಿಲ್ಲಿನ ಕೆಳಗೆ ‘ಗೂಡ್ಸ್ ಒನ್ಸ್ ಸೋಲ್ಡ್ ವಿಲ್ ನಾಟ್ ಬಿ ಟೇಕನ್ ಬ್ಯಾಕ್’ ಎಂದು ಅಚ್ಚಾಗಿರುವುದನ್ನು ನೋಡಿದ್ದೀರಲ್ಲ? ಅದು ನಾಳೆಯ ಸುದ್ದಿ ಹೇಳುತ್ತಿಲ್ಲ. ‘ವಾಪಸ್ ತಗೊಳ್ಳೋಕೆ ನಾವು ಒಲ್ಲೆವು’ ಎಂದು ಹಟ ಹಿಡಿದು ಹೇಳುತ್ತಿದೆ. ನಮ್ಮ ‘ಬಹುದು’, ‘ಬಾರದು’ ಎರಡೂ ‘ಬರು’ ಎಂಬ ಒಂದೇ ಧಾತುವಿನ ಮಕ್ಕಳು. ಬರುವುದಾದರೆ ಬಹುದು, ಬರದಿದ್ದರೆ ಬಾರದು.

ಈಗ ಕಷ್ಟದ ಭಾಗಕ್ಕೆ ಬರೋಣ. ಕನ್ನಡದ ‘ಬೇಕು’ ಒಂದೇ ಪದ, ಅದು ಮಾಡುವ ಕೆಲಸ ಹಲವು. ‘ನಂಗೆ ಮೈಸೂರಿಗೆ ಹೋಗ್ಬೇಕು’ ಎಂದರೆ ಆಸೆ, ಅಂದರೆ ವಾಂಟ್. ‘ನಾಳೆ ಪರೀಕ್ಷೆಗೆ ಹೋಗಬೇಕು’ ಎಂದರೆ ಮಸ್ಟ್. ‘ದಿನಾ ಸ್ವಲ್ಪ ನಡೀಬೇಕು’ ಎಂದರೆ ಶುಡ್, ಬರೀ ಬುದ್ಧಿಮಾತು. ‘ಇಷ್ಟು ಹೊತ್ತಿಗೆ ಅಂಗಡಿ ಮುಚ್ಚಿರಬೇಕು’ ಎಂದರೆ ಊಹೆ. ಅಲ್ಲಿ ಮತ್ತೆ ಮಸ್ಟ್: ‘ದ ಶಾಪ್ ಮಸ್ಟ್ ಬಿ ಕ್ಲೋಸ್ಡ್’. ನಾವು ದನಿಯಿಂದ, ಸಂದರ್ಭದಿಂದ ಇವನ್ನು ಬೇರೆ ಮಾಡಿಕೊಳ್ಳುತ್ತೇವೆ. ಅನುವಾದ ಮಾಡುವಾಗ ದನಿ ದಾಟಿ ಬರುವುದಿಲ್ಲ, ಪದವಷ್ಟೇ ಬರುತ್ತದೆ.

ಡಾಕ್ಟರು ಇಂಗ್ಲಿಷಿನಲ್ಲಿ ಹೇಳುತ್ತಾರೆ ಎಂದುಕೊಳ್ಳಿ: ‘ಯು ಮಸ್ಟ್ ಟೇಕ್ ದಿಸ್ ಟ್ಯಾಬ್ಲೆಟ್. ಯು ಶುಡ್ ವಾಕ್ ಇನ್ ದ ಈವ್ನಿಂಗ್.’ ಮೊಮ್ಮಗಳು ‘ಅಜ್ಜೀ, ಈ ಮಾತ್ರೆ ತಗೋಬೇಕಂತೆ, ಸಾಯಂಕಾಲ ನಡೀಬೇಕಂತೆ’ ಎಂದರೆ ಪದಶಃ ಸರಿ. ಆದರೆ ಅಜ್ಜಿಗೆ ಎರಡೂ ಒಂದೇ ತೂಕದ ಮಾತಾಗಿ ಕೇಳುತ್ತವೆ. ಮೊಣಕಾಲು ನೋವಿದ್ದ ದಿನ ನಡಿಗೆಯ ಜೊತೆಗೆ ಮಾತ್ರೆಯನ್ನೂ ಬಿಟ್ಟುಬಿಟ್ಟರೆ? ಒಳ್ಳೆಯ ದುಭಾಷಿ ಹೀಗೆ ಹೇಳುತ್ತಾಳೆ: ‘ಮಾತ್ರೆ ತಪ್ಪದೆ ತಗೊಳ್ಳಲೇಬೇಕಂತೆ. ಸಾಯಂಕಾಲ ಸ್ವಲ್ಪ ನಡೆದರೆ ಒಳ್ಳೇದಂತೆ.’ ಮಸ್ಟ್‌ಗೆ ‘ಲೇಬೇಕು’, ಶುಡ್‌ಗೆ ‘ಒಳ್ಳೇದು’. ಇಷ್ಟು ನೆನಪಿಟ್ಟರೆ ಸಾಕು.

ಮಾತ್ರೆಯ ಜೊತೆಗಿನ ಚೀಟಿಯಲ್ಲಿ ‘ಮೇ ಕಾಸ್ ಡ್ರೌಸಿನೆಸ್’ ಎಂದಿದ್ದರೆ ‘ನಿದ್ದೆ ಬರುತ್ತೆ’ ಎಂದು ಓದಿ ಹೇಳಬೇಡಿ. ‘ನಿದ್ದೆ ಬಂದಂತೆ ಆಗಬಹುದು’ ಎನ್ನಿ. ‘ಬರುತ್ತೆ’ ಎಂದರೆ ತಾತ ಹೆದರಿ ಮಾತ್ರೆಯನ್ನೇ ನುಂಗದೆ ಇರಬಹುದು. ‘ಆಗಬಹುದು’ ಎಂದರೆ ಮಾತ್ರೆ ನುಂಗಿ, ಸ್ಕೂಟರ್ ಬೀಗದ ಕೈಯನ್ನು ಮೊಳೆಗೆ ತಗಲಿಹಾಕುತ್ತಾರೆ.

ಇನ್ನೊಂದು ಜೋಡಿ ಇದಕ್ಕಿಂತ ಸೂಕ್ಷ್ಮ. ‘ಯು ನೀಡ್ ನಾಟ್ ಕಮ್’ ಎಂದರೆ ಬರುವ ಅಗತ್ಯವಿಲ್ಲ, ಸುಮ್ಮನೆ ತೊಂದರೆ ತಗೋಬೇಡಿ ಎಂದು. ‘ಯು ಮಸ್ಟ್ ನಾಟ್ ಕಮ್’ ಎಂದರೆ ಬರಕೂಡದು ಎಂದು. ಮೊದಲನೆಯದು ಕಾಳಜಿ, ಎರಡನೆಯದು ನಿಷೇಧ. ಮುಂದಿನ ಸಲ ರಿಪೋರ್ಟ್ ತರಲು ಮಗ ಬಂದರೆ ಸಾಕು, ಅಜ್ಜಿ ಬರಬೇಕಿಲ್ಲ ಎಂದು ಡಾಕ್ಟರು ಕಾಳಜಿಯಿಂದ ಹೇಳಿರುತ್ತಾರೆ. ಅದನ್ನು ಮೊಮ್ಮಗ ‘ಅಜ್ಜೀ, ನೀನು ಬರಬಾರದಂತೆ’ ಎಂದು ತಂದು ಒಪ್ಪಿಸಿದರೆ, ಅಜ್ಜಿ ಎರಡು ದಿನ ಊಟವನ್ನೇ ಸರಿಯಾಗಿ ಮಾಡಲಿಕ್ಕಿಲ್ಲ. ‘ಬರಬೇಕಾಗಿಲ್ಲವಂತೆ’ ಎಂದಿದ್ದರೆ ನೆಮ್ಮದಿಯಾಗಿ ಮಲಗುತ್ತಿದ್ದರು.

ಕೊನೆಯದಾಗಿ ಗೌರವದ ಮಾತು. ಕನ್ನಡದಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲಿದೆ. ‘ಕೊಡು’ ಎನ್ನುವುದನ್ನು ‘ಕೊಡಿ’ ಎಂದರೆ ಮುಗಿಯಿತು, ಎದುರಿನವರಿಗೆ ಮರ್ಯಾದೆ ಸಂದಿತು. ಇಂಗ್ಲಿಷಿನಲ್ಲಿ ‘ನೀನು’ ಎಂಬುದಕ್ಕೆ ಹಿಂದೆ ‘ದೌ’ ಎಂಬ ಪದವಿತ್ತು. ಅದು ಬಳಕೆಯಿಂದ ಹೋಗಿ ಈಗ ಎಲ್ಲರಿಗೂ ‘ಯು’ ಒಂದೇ. ಹಾಗಾಗಿ ಅವರು ಗೌರವವನ್ನು ಕುಡ್, ವುಡ್ ಎಂಬ ಪದಗಳಲ್ಲಿ ಇಟ್ಟುಕೊಂಡಿದ್ದಾರೆ. ತಾತ ಅಂಗಡಿಯಲ್ಲಿ ‘ಆ ನೀಲಿ ಬಟ್ಟೆ ತೋರಿಸಿ’ ಎಂದು ಮರ್ಯಾದೆಯಿಂದಲೇ ಕೇಳುತ್ತಾರೆ. ಅದನ್ನು ‘ಶೋ ಮಿ ದಟ್ ಬ್ಲೂ ಕ್ಲಾತ್’ ಎಂದು ಮಾಡಿದರೆ ‘ತೋರಿಸಿ’ಯಲ್ಲಿದ್ದ ‘ಸಿ’ ಬಿದ್ದುಹೋಯಿತು. ‘ಕುಡ್ ಯು ಶೋ ಮಿ’ ಎಂದರೆ ಅದು ಉಳಿಯಿತು. ಇನ್ನು ಮಕ್ಕಳು ಇಂಗ್ಲಿಷಿನಲ್ಲಿ ಯೋಚಿಸಿ ‘ನೀವು ಅದನ್ನು ತೋರಿಸಬಲ್ಲಿರಾ?’ ಎಂದು ಕೇಳಿದರೆ ಅಂಗಡಿಯವರು ನಗುತ್ತಾರೆ. ತೋರಿಸುವ ಶಕ್ತಿ ಅವರಿಗೆ ಇದ್ದೇ ಇದೆ! ‘ಸ್ವಲ್ಪ ತೋರಿಸ್ತೀರಾ?’ ಎಂದರೆ ಕನ್ನಡವೂ ಆಯಿತು, ವಿನಯವೂ ಆಯಿತು.

ಹಿರಿಯರೇ, ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ‘ಕುಡ್ ಯು ಪ್ಲೀಸ್’ ಎಂದಾಗ ಅದನ್ನು ಶೋಕಿ ಎಂದುಕೊಳ್ಳಬೇಡಿ. ಅದು ನಿಮ್ಮ ‘ಕೊಡಿ’ಯೇ, ಬೇರೆ ಅಂಗಿ ತೊಟ್ಟಿದೆ.

ಈ ವಾರದ ಕೆಲಸ: ಅಜ್ಜಿ ಅಥವಾ ತಾತ ಒಂದು ದಿನದಲ್ಲಿ ‘ಬೇಕು’ ಎಂದ ಹತ್ತು ವಾಕ್ಯಗಳನ್ನು ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ವಾಂಟ್, ಮಸ್ಟ್, ಶುಡ್, ಇವುಗಳಲ್ಲಿ ಯಾವುದು ಹೊಂದುತ್ತದೆ ಎಂದು ಗುರುತು ಹಾಕಿ. ಆಮೇಲೆ ಹೇಳಿದವರನ್ನೇ ಕೇಳಿ: ‘ಇದು ಆಸೆಯಾ, ಅಪ್ಪಣೆಯಾ, ಬುದ್ಧಿಮಾತಾ?’ ಎಷ್ಟೋ ಸಲ ನೀವು ಅಪ್ಪಣೆ ಎಂದುಕೊಂಡಿದ್ದು ಅವರ ಆಸೆಯಾಗಿರುತ್ತದೆ.